ಸಂಪಿಗೆ ಅಂಚಿನ ಕೆಳಗೆ ಒಂದು ಹೆಬ್ಬೆರಳು

ಮಾರ್ಚ್ ೪, ಮಂಗಳವಾರ

ಅಲ್ಲ, ನಿನ್ನೆ ಬರೆದದ್ದು ತಪ್ಪು. ಕರೆಂಟು ಹೋದದ್ದರಿಂದಲೇ ಹೀಗಾಯಿತು ಅನ್ನುವುದಾದರೆ ಫೈಲು ಪೂರ್ತಿ ಹಾಳಾಗಬೇಕಿತ್ತು. ಫೈಲು ಇದೆ. ತೆರೆಯುತ್ತದೆ. ಹೂವು ಹೂವಾಗಿಯೇ ಕಾಣುತ್ತದೆ. ಪದರಗಳು ಮಾತ್ರ ಇಲ್ಲ. ನಿನ್ನೆ ಮತ್ತೆ ಮಾಡಿದೆ, ಸಂಜೆ ಎರಡು ಪದರ ಇದ್ದವು: ಕೆಳಗೆ ಬಸಮ್ಮನ ಫೋಟೋ, ಅದರ ಮೇಲೆ ಗಾಜಿಟ್ಟು ಬರೆದ ಹಾಗೆ ನನ್ನ ಗೆರೆ. ಬಣ್ಣ ಎಣಿಸಿ, ಸೇವ್ ಮಾಡಿ, ಕಂಪ್ಯೂಟರಿಗೆ ಟವಲು ಮುಚ್ಚಿ ಎದ್ದೆ. ಇವತ್ತೂ ಬೆಳಿಗ್ಗೆ ತೆರೆದರೆ ಎರಡೂ ಅಂಟಿಕೊಂಡಿವೆ, ಹಸಿ ಹಪ್ಪಳ ಒಂದರ ಮೇಲೊಂದು ಇಟ್ಟ ಹಾಗೆ. ಒಂದನ್ನು ಕಿತ್ತರೆ ಇನ್ನೊಂದೂ ಹರಿಯುತ್ತದೆ.

ಬಸಮ್ಮನ ಫೋಟೋ ಅಂದರೆ ಅವಳ ಮುಖದ್ದಲ್ಲ. ಮುಖದ್ದು ಗೋಡೆಯ ಮೇಲೆ ಹಾರದೊಳಗಿದೆ, ಆ ಕಡೆ ನಾನು ಹೆಚ್ಚು ನೋಡುವುದಿಲ್ಲ. ಇದು ಗ್ರಾಫ್ ಹಾಳೆಯ ಫೋಟೋ. ಕಳೆದ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದವಳು ಊಟದ ತಟ್ಟೆ ಬೋರಲು ಹಾಕಿ, ಅದರ ಮೇಲೆ ಹಾಳೆ ಇಟ್ಟುಕೊಂಡು ನಮ್ಮ ಮಗಳು ಕೋಮಲಳ ಧಾರೆ ಸೀರೆಗೆಂದು ಅಂಚು ಬರೆದಳು. ಸಂಪಿಗೆ ಅಂಚು. ಬಿಳಿಗಿರಿ ಬೆಟ್ಟದ ದೊಡ್ಡ ಸಂಪಿಗೆಯದೇ ಹೂವಾಗಬೇಕಂತೆ, ಊರ ಸಂಪಿಗೆಯ ಎಸಳು ಸೋಮಾರಿಯಂತೆ. ಎಂಥ ಮಾತು. ಮುಗಿಸಿ, ಹಾಳೆ ಎತ್ತಿ ಹಿಡಿದಾಗ ಮಗಳು ಫೋನಿನಲ್ಲಿ ಕ್ಲಿಕ್ ಮಾಡಿಕೊಂಡಳು. ಆ ಹಾಳೆ ಹಾಸಿಗೆ ಬದಲಿಸುವಾಗ ಹಳೇ ಪೇಪರಿನ ಜೊತೆ ಎಲ್ಲಿ ಹೋಯಿತೋ. ಈಗ ಉಳಿದಿರುವುದು ಫೋನಿನ ಆ ಫೋಟೋ. ಅದರ ಬಲಮೂಲೆಯಲ್ಲಿ ಹಾಳೆ ಹಿಡಿದ ಅವಳ ಹೆಬ್ಬೆರಳು ಕೂಡ ಬಂದಿದೆ.

ಹಾಗಾಗಿ ಫೋಟೋವನ್ನು ಕೆಳಗಿಟ್ಟು ಮೇಲೆ ಇನ್ನೊಂದು ಪದರದಲ್ಲಿ ಗೆರೆ ತಿದ್ದಬೇಕು. ಗೆರೆ ಮುಗಿದ ಮೇಲೆ ಕೆಳಗಿನದನ್ನು ಮರೆಮಾಡಿ, ಬರೀ ಅಂಚನ್ನು ಗ್ರಾಫಾಗಿ ಪ್ರಿಂಟ್ ತೆಗೆದು, ನೋಡಿಕೊಂಡು ರಟ್ಟಿಗೆ ತೂತು ಹೊಡೆಯಬೇಕು. ಮಗ್ಗಕ್ಕೆ ಓದು ಬರುವುದು ರಟ್ಟಿನ ತೂತಿನಲ್ಲಿ ಮಾತ್ರ. ಕಂಪ್ಯೂಟರಿನಲ್ಲಿ ಎರಡು ವರ್ಷದಿಂದ ಗ್ರಾಫ್ ಮಾಡುತ್ತಿದ್ದೇನೆ, ಆದರೆ ಒಂದೇ ಪದರದ್ದು. ಈ ಪದರದ ಸಹವಾಸ ಇದೇ ಮೊದಲು. ಬಸಮ್ಮನ ತಮ್ಮ ಕುಮಾರಸ್ವಾಮಿ ಹನೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ, ಅವನೇ ಫೋನಿನಲ್ಲಿ ಹೇಳಿಕೊಟ್ಟದ್ದು. ಕಂಪ್ಯೂಟರೂ ಅವನ ಅಂಗಡಿಯ ಹಳೆಯದೇ.

ನೇಯುವ ನಟರಾಜು ಮಾತು ಕೊಟ್ಟಿದ್ದಾನೆ, ಷರತ್ತಿನ ಮೇಲೆ. ಉಗಾದಿಗೆ ಮುಂಚೆ ರಟ್ಟು ಅವನ ಕೈಸೇರಬೇಕು. ಇಲ್ಲದಿದ್ದರೆ ಮಗ್ಗಕ್ಕೆ ಬೇರೆಯವರ ಹಾಸು ನೂಲು ಏರಿಸುತ್ತಾನೆ, ಆಮೇಲೆ ಮದುವೆಗೆ ಸೀರೆ ಇಲ್ಲ. ಮದುವೆಯನ್ನು ಮುಂದೆ ಹಾಕುವ ಹಾಗೂ ಇಲ್ಲ. ತಾಯಿ ಹೋದ ವರ್ಷದೊಳಗೆ ಮಾಡಬೇಕು, ತಪ್ಪಿದರೆ ಮೂರು ವರ್ಷ ತಡೆ ಎಂದು ಹನೂರಿನ ಬೀಗರು ಪಟ್ಟು ಹಿಡಿದಿದ್ದಾರೆ.

ಮತ್ತೆ ಫೋಟೋ ಹಾಕಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಎಂಟು ಎಸಳು ಆಯಿತು.

ಮಾರ್ಚ್ ೫, ಬುಧವಾರ

ಅದೇ ಕಥೆ.

ಇವತ್ತು ಒಂದು ಪೆಟ್ಟಿಗೆ ಬೇರೆ ಎದ್ದು ಬಂತು, ‘ಫೈಲ್ ಕುಡ್ ನಾಟ್ ಬಿ ಸೇವ್ಡ್’ ಎಂದು. ಪ್ಯಾಸಿವ್ ವಾಯ್ಸ್. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಬರೆದು ತಿದ್ದಿಸಿದ್ದರು, ರಾಮ ಹಣ್ಣು ತಿಂದ, ಹಣ್ಣು ರಾಮನಿಂದ ತಿನ್ನಲ್ಪಟ್ಟಿತು. ಅದರಲ್ಲಿ ಒಂದು ಅನುಕೂಲ, ‘ರಾಮನಿಂದ’ ಅನ್ನುವುದನ್ನು ಬಿಟ್ಟರೂ ವಾಕ್ಯ ಪಾಸಾಗುತ್ತದೆ. ತಿಂದವನ ಹೆಸರೇ ಇರುವುದಿಲ್ಲ. ಫೈಲು ಉಳಿಸಲ್ಪಡಲಿಲ್ಲ, ಸರಿ, ಯಾರಿಂದ? ಮೈಸೂರಿನ ಡಾಕ್ಟರೂ ಕೊನೆಗೆ ಹೀಗೇ ಏನೋ ಅಂದರು, ಎಂಥದೋ ‘ಕುಡ್ ನಾಟ್ ಬಿ’. ಸಾಕು.

ಡಿಸ್ಕಿನಲ್ಲಿ ಜಾಗ ಇಲ್ಲ ಅನ್ನುವುದು ಆ ಪೆಟ್ಟಿಗೆಯ ಕೆಳಗಿನ ಸಾಲು. ಕೂತು ಅಳಿಸಿದೆ. ಕುಮಾರಸ್ವಾಮಿಯ ಕಾಲದ ಫ್ಲೆಕ್ಸುಗಳು, ಯಾರ ಯಾರದೋ ನಾಮಕರಣ, ಕಬಡ್ಡಿ ಪಂದ್ಯ, ಎರಡು ವರ್ಷ ಹಿಂದೆ ಚುನಾವಣೆಯಲ್ಲಿ ಸೋತವರ ಕೈಮುಗಿದ ಮುಖಗಳು. ಮಧ್ಯಾಹ್ನದ ಹೊತ್ತಿಗೆ ಒಂದು ತಾಲ್ಲೂಕೇ ಖಾಲಿಯಾಯಿತು. ಆ ಪೆಟ್ಟಿಗೆ ಮತ್ತೆ ಬರಲಿಲ್ಲ, ಸೇವ್ ಆಯಿತು. ಭೇಷ್ ಅಂದುಕೊಂಡೆ. ಕಾಫಿ ಕುಡಿದು ಬಂದು ತೆರೆದೆ. ಒಂದೇ ಪದರ. ಅದೂ ಅಲ್ಲದೆ ಫೋಟೋ ನಾಲ್ಕೇ ಬಣ್ಣದಲ್ಲಿ ಕಲಸಿಹೋಗಿ, ಹೆಬ್ಬೆರಳು ಜರಿ ಬಣ್ಣದ ಒಂದು ಕಲೆಯಾಗಿತ್ತು.

ಆಗ ಎದ್ದು ಬೀದಿಯ ತುದಿಯವರೆಗೆ ಹೋಗಿ ಬಂದೆ. ಏನೂ ಕೆಲಸ ಇರಲಿಲ್ಲ.

ಸಂಜೆ ಕೋಮಲ ಯಳಂದೂರಿನಿಂದ ಬಂದಳು. ಅಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ದಿನಾ ಬಸ್ಸು. ಚಪ್ಪಲಿ ಬಿಡುತ್ತಲೇ, “ಅಪ್ಪಾ, ಇವತ್ತಾದ್ರೂ ಉಳ್ಕತ್ತಾ?” ಅಂದಳು.

“ಇಲ್ಲ.”

“ನಾನೊಂದ್ಸಲ ನೋಡ್ಲಾ?”

“ಬ್ಯಾಡ ಬುಡು ಕೂಸೆ. ಇದು ರಕ್ತ ಪರೀಕ್ಷೆ ಅಲ್ಲ.”

ಅವಳು ಕೂರಲು ಜಾಗವಾದರೂ ಎಲ್ಲಿದೆ. ಎದುರಿನ ಮಣೆಯ ಮೇಲೆ ಯುಪಿಎಸ್ ಡಬ್ಬ ಇಟ್ಟಿದ್ದೇನೆ, ಅದರ ಮೇಲೆ ಹಳೇ ಗ್ರಾಫುಗಳು. ಅದು ಬಸಮ್ಮನ ಮಣೆ. ಮೂವತ್ತು ವರ್ಷ ಅಲ್ಲಿ ಕೂತು ಅವಳು ಗ್ರಾಫಿನ ಸಾಲು ಓದುವಳು, “ಮೂರು ಜರಿ, ಒಂದು ಬಿಡು, ಎರಡು ಹಸಿರು”, ನಾನು ಈ ಕಡೆ ರಟ್ಟಿಗೆ ತೂತು ಹೊಡೆಯುವುದು. ಕೊಳ್ಳೇಗಾಲದ ಅರ್ಧ ಮಗ್ಗಗಳು ಅವಳ ದನಿಯ ಮೇಲೆ ಓಡಿದವು. ಎಲ್ಲ ಓದಿ ಮುಗಿಸಿ ಕೊನೆಗೆ, “ಬೊಟ್ಟು ಇಡಿ” ಅನ್ನುವಳು. ಎಲ್ಲಾದರೂ ಒಂದು ಚೌಕ ಬೇಕೆಂದೇ ತಪ್ಪು ಬಣ್ಣ. ಸೀರೆಗೆ ದೃಷ್ಟಿಬೊಟ್ಟು. ಅಂಚಿನ ಉದ್ದಕ್ಕೂ ಅದೇ ರಟ್ಟುಗಳು ಸುತ್ತಿ ಬರುವುದರಿಂದ ಬೊಟ್ಟೂ ಮಾರುದ್ದಕ್ಕೊಂದು ಬೀಳುತ್ತದೆ. “ಒಂದು ಸೀರೆಗೆ ಅಷ್ಟೊಂದು ಬೊಟ್ಟು ಯಾಕೆ” ಅಂದರೆ, “ನೋಡೋ ಕಣ್ಣು ಒಂದೇನಾ?” ಅನ್ನುವಳು.

ರಾತ್ರಿಗೆ ಹೋಟೆಲಿನಿಂದ ಚಪಾತಿ ತರಿಸಿದೆವು. ಈ ವಾರದಲ್ಲಿ ಎಷ್ಟನೇ ಸಲವೋ.

ಮಾರ್ಚ್ ೭, ಶುಕ್ರವಾರ

ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟದ್ದೇ ತಪ್ಪಿರಬಹುದು ಎಂದು ಇಂಗ್ಲಿಷಿನಲ್ಲಿ ಇಟ್ಟೆ. ‘ಬಾರ್ಡರ್’. ಅದಕ್ಕೂ ಸಮಾಧಾನವಿಲ್ಲ. ‘ಬಾರ್ಡರ್ ನ್ಯೂ’. ‘ಬಾರ್ಡರ್ ಫೈನಲ್’. ‘ಬಾರ್ಡರ್ ಫೈನಲ್ ರಿಯಲ್’. ಎಲ್ಲವೂ ಒಂದೇ ಪದರ.

ಹೇಸ್ಟ್ ಮೇಕ್ಸ್ ಎಂದು ಒಂದು ಗಾದೆ ಇತ್ತು. ಹೇಸ್ಟ್ ಏನು ಮಾಡುತ್ತದೆ ಅನ್ನುವುದು ಮರೆತಿದೆ.

ಮಾರ್ಚ್ ೧೦, ಸೋಮವಾರ

ಪೆನ್ ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹನೂರಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಮೂರು ಸಲ ಜೇಬು ಮುಟ್ಟಿ ನೋಡಿಕೊಂಡೆ, ಪಕ್ಕದಲ್ಲಿ ಕೂತವನು ತನ್ನ ಜೇಬು ಮುಟ್ಟಿ ನೋಡಿಕೊಂಡ.

ಅಂಗಡಿಯಲ್ಲಿ ರಾಮಾಪುರದವನೊಬ್ಬ ತನ್ನ ಹುಟ್ಟುಹಬ್ಬದ ಫ್ಲೆಕ್ಸ್ ಮಾಡಿಸುತ್ತಿದ್ದ. ಬಡಪಾಯಿಗೆ ತನ್ನ ಮುಖ ಇನ್ನೂ ಬೆಳ್ಳಗಾಗಬೇಕು. ಕುಮಾರಸ್ವಾಮಿ ಬೆಳಗಿಸಿ ಬೆಳಗಿಸಿ ಕೊನೆಗೆ ಅಂದ: “ಅಣ್ಣೋ, ಇನ್ನೂ ಬೆಳ್ಳಗೆ ಮಾಡುದ್ರೆ ನಿನ್ ಹೆಂಡ್ರೇ ಯಾರೋ ಅಂತ ಗೇಟ್ ಹಾಕ್ಬುಡ್ತಾಳೆ.”

“ಹಾಕ್ಲಿ ಬುಡು. ನೀ ಮಾಡು,” ಅಂದ ಅವನು.

ನನ್ನ ಸರದಿ ಬಂತು. “ಬನ್ನಿ ಭಾವ, ಕುಂತ್ಕಳಿ. ಯಾನ, ಇನ್ನೂ ಅದೇ ಅಕ್ಕನ ಸಂಪಿಗೆನಾ?” ಅಂದ. ನನ್ನ ಫೈಲು ತೆರೆದು ನೋಡಿದ. ಒಂದೇ ಪದರ. ಹೊಸದೊಂದು ಫೈಲು ಮಾಡಿ, ಎರಡು ಪದರ ಹಾಕಿ, ಒಂದೊಂದರ ಮೇಲೂ ಗೀಚಿ, ಸೇವ್ ಮಾಡಿ, ಮುಚ್ಚಿ, ತೆರೆದ. ಎರಡೂ ಇದ್ದವು! ಇನ್ನೊಮ್ಮೆ ಮಾಡಿದ. ಇದ್ದವು. ನನ್ನ ಕಣ್ಣೆದುರೇ.

“ನೋಡಿ ಭಾವ. ಸಾಫ್ಟ್‌ವೇರ್ ಸರಿಯಾಗೇ ಅದ.”

“ಹಂಗಾರೆ ನನ್ನ ಮನೆ ಕಂಪ್ಯೂಟರೇ ಕೆಟ್ಟದ.”

“ಅದು ನಾನ್ ಕೊಟ್ಟುದ್ದು ಕಣ್ರಿ ಭಾವ,” ಎಂದು ಮುಖ ಸಣ್ಣ ಮಾಡಿದ. ಆಮೇಲೆ ಪರದೆಯ ಮೇಲಿನ ಆ ಜರಿ ಕಲೆ ನೋಡಿ, “ಇದ್ಯಾನ?” ಅಂದ.

“ಹೆಬ್ಬೆಳ್ಳು. ನಿಮ್ಮಕ್ಕಂದು.”

“ಅಯ್ಯೋ, ಇದುನ್ನ ಮೊದ್ಲು ಕತ್ರುಸಾಕಿ ಭಾವ. ಫೋಟೋ ಸಣ್ದಾಯ್ತದ, ಫೈಲೂ ಅಗುರಾಯ್ತದ. ತಗಳಿ, ನಾನೇ ಮಾಡ್ಬುಡ್ತೀನಿ,” ಎಂದು ಕತ್ತರಿಯ ಗುರುತು ಎತ್ತಿಕೊಂಡು ಮೂಲೆಗೆ ಹೋದ.

ನಾನು ಮೌಸಿನ ಮೇಲೆ, ಅವನ ಕೈಯ ಮೇಲೆಯೇ, ಕೈ ಇಟ್ಟೆ. ಜೋರಾಗಿ ಇಟ್ಟೆ ಅನ್ನಿಸುತ್ತದೆ. ಮೌಸು ಕೆಳಗೆ ಬಿತ್ತು. ರಾಮಾಪುರದವನು ತಿರುಗಿ ನೋಡಿದ.

ಕುಮಾರಸ್ವಾಮಿ ಮೌಸು ಎತ್ತಿಕೊಂಡು ಬಟ್ಟೆಯಲ್ಲಿ ಒರೆಸಿದ. “ಟೀ ಕುಡೀರಿ ಭಾವ,” ಅಂದ. ಕುಡಿಯದೆ ಬಂದೆ. ಬಸ್ಸು ಹತ್ತಿದ ಮೇಲೆ ನೋಡಿಕೊಂಡರೆ ಪೆನ್ ಡ್ರೈವ್ ಅಲ್ಲೇ ಬಿಟ್ಟಿದ್ದೆ. ಅದರಲ್ಲಿ ಇದ್ದದ್ದಾದರೂ ಏನು.

ಮಾರ್ಚ್ ೧೧, ಮಂಗಳವಾರ

ಕೂತೆ. ಎದ್ದೆ. ಕೂತೆ.

ಮಾರ್ಚ್ ೧೪, ಶುಕ್ರವಾರ

ನಟರಾಜು ಮನೆಗೇ ಬಂದುಬಿಟ್ಟ. ಒಳಗೆ ಕರೆದರೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

“ಸಾ, ಹಾಸಿನ ರೇಷ್ಮೆಗೆ ಬಣ್ಣ ಹಾಕ್ಸಿ ಮಡಗೀನಿ. ಕುಂಕುಮದ ಬಣ್ಣ, ಕಣ್ಣಿಗೆ ಒಡೀತದ. ರಟ್ಟು ಯಾವಾಗ?”

“ಗ್ರಾಫ್ ಮುಗಿದ ಮೇಲೆ.”

“ಗ್ರಾಫ್ ಯಾವಾಗ?”

“ಪದರ ಉಳಿದ ಮೇಲೆ.”

ಅವನಿಗೆ ಏನು ಅರ್ಥವಾದೀತು. ತಲೆ ಕೆರೆದುಕೊಂಡ. “ಸಾ, ಒಂದ್ ಮಾತು. ಮಾಂಗಾ ಬುಟ್ಟಾದ್ದು ಹಳೇ ರಟ್ಟು ನನ್ ತವೇ ಅದೆ, ಅದುನ್ನೂ ನೀವೇ ಒಡೆದಿದ್ದು. ಅದ್ನೇ ಏರುಸ್ಬುಡುವ. ಯಾರ್ ನೋಡೀರು ಸಂಪಿಗೆನೋ ಮಾವಿನಕಾಯೋ ಅಂತ?”

“ಬ್ಯಾಡ.”

“ಉಗಾದಿ ಮುಂದಕ್ಕೋಗಲ್ಲ ಸಾ,” ಎಂದು ಹೊರಟ.

ಕೋಮಲ ಇವತ್ತು ರಜೆ ಹಾಕಿದ್ದಳು, ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ. ಬಂದು ನಿಂತು, “ಅಪ್ಪಾ, ಮಾಂಗಾನೇ ಇರ್ಲಿ. ಇಲ್ದೆ ಇದ್ರೆ ಅಂಗ್ಡೀಲೇ ಒಂದು ತಕಳ್ಳವ. ಸೀರೆಗೋಸ್ಕರ ನೀನು ಹಿಂಗಾಗೋದು ನಂಗೆ ಬ್ಯಾಡ,” ಅಂದಳು.

“ಹಿಂಗೆ ಅಂದ್ರೆ ಹೆಂಗೆ?”

“ಕನ್ನಡಿ ನೋಡ್ಕ.”

“ನಿಮ್ಮವ್ವ ಬರೆದಿದ್ದು ನಿಂಗೆ ಬ್ಯಾಡ್ವಾ?” ಅಂದೆ. ಹಾಗೆ ಅನ್ನಬಾರದಿತ್ತೇನೋ. ಅವಳು ಫೋನ್ ತೆಗೆದು ನನ್ನ ಮುಂದೆ ಹಿಡಿದಳು. ಫೋನಿನ ಮುಖದ ಮೇಲೆಯೇ ಆ ಫೋಟೋ. ಸಂಪಿಗೆ ಹಾಳೆ, ಮೂಲೆಯಲ್ಲಿ ಬೆರಳು. ಅದರ ಮೇಲೆ ಗಂಟೆ, ನಿಮಿಷ ಓಡುತ್ತಿತ್ತು. ದಿನಾ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅದನ್ನೇ ನೋಡುತ್ತಾಳೆ ಎಂದಾಯಿತು. ನನಗೆ ಗೊತ್ತಿರಲಿಲ್ಲ.

ಒಳಗೆ ಪಾತ್ರೆ ಸದ್ದು ಸ್ವಲ್ಪ ಜೋರಾಗಿಯೇ ಕೇಳುತ್ತಿದೆ, ತಾಯಿಯ ಹಾಗೇ.

ಮಾರ್ಚ್ ೧೫, ಶನಿವಾರ

ಬೆಳಿಗ್ಗೆ ಅವಳು ಊಟದ ಡಬ್ಬಿ ಬಿಟ್ಟು ಹೋದಳು. ಮರೆತೋ, ಬೇಕೆಂದೋ. ಹತ್ತು ಗಂಟೆಯವರೆಗೆ ಡಬ್ಬಿ ನೋಡಿಕೊಂಡು ಕೂತೆ. ಬರೀ ಚಿತ್ರಾನ್ನ ಇತ್ತು, ನಿನ್ನೆಯ ಅನ್ನದ್ದು. ಅದನ್ನು ನಾನು ತಿಂದು, ಹುರುಳಿಕಾಳಿನ ಸಾರು ಮಾಡಿದೆ, ಮುದ್ದೆ ತಿರುವಿದೆ. ಒಂದು ಕಡೆ ಗಂಟಾಯಿತು, ಅದನ್ನು ಒಳಮುಖ ಮಾಡಿ ಇಟ್ಟೆ. ಯಳಂದೂರಿನ ಬಸ್ಸು ಹತ್ತಿದೆ.

ಲ್ಯಾಬಿನ ಬಾಗಿಲು ಅರ್ಧ ತೆರೆದಿತ್ತು. ಕೋಮಲ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದಳು. ಎಡಗೈಯಲ್ಲಿ ಎಣಿಸುವ ಯಂತ್ರ, ಅದರ ಗುಂಡಿಗಳನ್ನು ಕಟಕಟ ಒತ್ತುತ್ತಾ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಹತ್ತಿರ ಹೋದರೆ ಕೇಳಿಸಿತು. ಒಂದು ಜಾತಿಯ ಕಣ ಎರಡು, ಇನ್ನೊಂದು ಜಾತಿಯದು ಒಂದು, ಮತ್ತೆ ಮೊದಲಿನದು ಮೂರು. ಬಸಮ್ಮ ಸಾಲು ಓದುವಾಗಿನ ಅದೇ ಏಳುಬೀಳು. ಸಾಲಿನ ಕೊನೆಗೆ ಬಂದಾಗ ಉಸಿರನ್ನು ಒಂದು ಚೂರು ಎಳೆದು ಹಿಡಿಯುವುದೂ ಅದೇ. ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಒಬ್ಬ ಹೆಂಗಸು, “ಅಯ್ಯ, ರಕ್ತ ಕೊಡೋಕೆ ಬಂದ್ರಾ? ಲೈನು ಇಲ್ಲಿ ಅದೆ,” ಎಂದು ನನ್ನನ್ನು ಹಿಂದಕ್ಕೆ ಕಳಿಸಿದಳು. ಲೈನಿನಲ್ಲಿ ನಿಂತೆ.

ನನ್ನ ಸರದಿಯಲ್ಲಿ ತಲೆಯೆತ್ತಿ, “ಅಪ್ಪಾ!” ಅಂದಳು. “ಯಾನಾಯ್ತು?”

“ಮುದ್ದೆ,” ಅಂದೆ.

ಸಂಜೆ ಬಂದವಳು ಡಬ್ಬಿ ತೊಳೆದು ಬೋರಲು ಹಾಕುತ್ತಾ, “ಒಳಗಡೆ ಗಂಟಿತ್ತು,” ಅಂದಳು. “ತಿಂದೆ.”

ಮಾರ್ಚ್ ೧೬, ಭಾನುವಾರ

ತಪ್ಪು ಸಿಕ್ಕಿತು. ನಗಬೇಕೋ ಏನೋ ಗೊತ್ತಾಗುತ್ತಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಕೋಮಲ ಬಂದು ಹಿಂದೆ ನಿಂತಳು. ನಿಂತೇ ಇರುತ್ತಾಳಲ್ಲ ಎಂದು ಯುಪಿಎಸ್ ಡಬ್ಬವನ್ನು ನೆಲಕ್ಕೆ ಇಳಿಸಿದೆ, ಗ್ರಾಫುಗಳನ್ನು ಕಪಾಟಿನ ಮೇಲಿಟ್ಟೆ. ಅವಳು ಮಣೆ ಎಳೆದುಕೊಂಡಳು. “ನಾನು ಏನೂ ಮಾತಾಡಲ್ಲ. ನೀನು ದಿನಾ ಏನ್ ಮಾಡ್ತೀಯೋ ಅದ್ನೇ ಮಾಡು. ಶುರುವಿಂದ ಕೊನೇವರ್ಗೂ,” ಅಂದಳು.

ಮಾಡಿದೆ. ಫೋಟೋ ಹಾಕಿದೆ. ಹೊಸ ಪದರ ಹಾಕಿದೆ. ಗೆರೆ ತಿದ್ದಿದೆ. ಒಂದು ಹೂವು ಮುಗಿದ ಮೇಲೆ, “ಇಷ್ಟೇ. ಈಗ ಎತ್ತಿಡೋದು,” ಅಂದೆ. ಬಣ್ಣ ಎಣಿಸುವ ಕಡೆ ಹೋದೆ. ಬಣ್ಣ ಎಷ್ಟು ಎಂದು ಕೇಳಿತು, ನಾಲ್ಕು ಎಂದು ಒತ್ತಿದೆ. ಒಂದು ಪೆಟ್ಟಿಗೆ ಎದ್ದಿತು. ಯೆಸ್ ಒತ್ತಿದೆ. ಸೇವ್‌ಗೆ ಹೋಗುವುದರೊಳಗೆ ಅವಳು, “ನಿಲ್ಸು, ನಿಲ್ಸು,” ಅಂದಳು.

“ಮಾತಾಡಲ್ಲ ಅಂದಿದ್ದೆ.”

“ಆ ಪೆಟ್ಗೇಲಿ ಏನಿತ್ತು?”

“ಅದು ಯಾವಾಗ್ಲೂ ಬತ್ತದೆ. ಯೆಸ್ ಅನ್ಬೇಕು.”

“ಹಿಂದಕ್ಕೆ ಹೋಗು. ಮತ್ತೆ ಮಾಡು. ಯೆಸ್ ಅನ್ಬ್ಯಾಡ.”

ಹಿಂದಕ್ಕೆ ಹೋದೆ, ಮತ್ತೆ ಮಾಡಿದೆ, ಕೈ ಕಟ್ಟಿಕೊಂಡು ಪೆಟ್ಟಿಗೆಯನ್ನು ಓದಿದೆವು. ನಾಲ್ಕು ಬಣ್ಣಕ್ಕೆ ಇಳಿಸಬೇಕಾದರೆ ಪದರಗಳನ್ನೆಲ್ಲ ಒಂದು ಮಾಡಬೇಕಾಗುತ್ತದೆ, ಮಾಡಲೇ, ಎಂದು ಕೇಳುತ್ತಿತ್ತು. ಸ್ಪಷ್ಟವಾದ ಇಂಗ್ಲಿಷ್. ನನಗೆ ಬರುವ ಇಂಗ್ಲಿಷೇ. ದಿನಾ ಸಂಜೆ ಅದು ವಿನಯವಾಗಿ ಕೇಳುತ್ತಿತ್ತು, ನಾನು ಓದದೆ ಯೆಸ್ ಅನ್ನುತ್ತಿದ್ದೆ. ಒಂದೇ ಪದರ ಇದ್ದಾಗ ಅದು ಕೇಳಿದರೂ ಕೇಳದಿದ್ದರೂ ವ್ಯತ್ಯಾಸವಿರಲಿಲ್ಲ. ಕೈಗೆ ರೂಢಿಯಾಗಿಬಿಟ್ಟಿತ್ತು.

“ದಿನಾ ಯಾಕಪ್ಪ ಬಣ್ಣ ಎಣಿಸ್ತೀಯ? ಮುಗಿದಮ್ಯಾಲೆ ಒಂದೇ ಸಲ ಎಣಿಸುದ್ರೆ ಆಗಲ್ವಾ?”

ಆಗುತ್ತದೆಯೇ? ನನಗೆ ಗ್ರಾಫ್ ಕಲಿಸಿದ ಸಿದ್ದಮಲ್ಲಪ್ಪನವರು ಹೇಳಿದ ಮೊದಲ ಮಾತೇ, ಬಣ್ಣ ಎಣಿಸದೆ ಹಾಳೆ ಎತ್ತಿಡಬಾರದು. ಮಗ್ಗದಲ್ಲಿ ನಾಲ್ಕು ಲಾಳಿ ಇದ್ದರೆ ನಾಲ್ಕೇ ಬಣ್ಣ. ರಾತ್ರಿ ಹಾಳೆಯಲ್ಲಿ ಐದನೆಯದು ನುಸುಳಿದರೆ ಬೆಳಿಗ್ಗೆ ಯಾರೂ ಕಂಡುಹಿಡಿಯರು, ಕೊನೆಗೆ ನೇಯುವವನು ಬೈಯುತ್ತಾನೆ. ಎಣಿಸದೆ ಎದ್ದರೆ ಅವರು ಸ್ಕೇಲಿನಲ್ಲಿ ಹೊಡೆಯುವರು. ನಾನು ಎಣಿಸಿಯೇ ಎದ್ದೆ. ಮದುವೆಯ ಹಿಂದಿನ ದಿನವೂ ಎಣಿಸಿ ಎದ್ದವನು. ಕುಮಾರಸ್ವಾಮಿ ನೇಯುವವರ ಪೈಕಿ ಅಲ್ಲ, ಅವನು ಎಣಿಸಲಿಲ್ಲ, ಅವನ ಪದರ ಉಳಿಯಿತು.

ಇಷ್ಟೆಲ್ಲ ಅವಳಿಗೆ ಹೇಳಿದೆ. ಅವಳು ನಗಲು ಶುರು ಮಾಡಿದಳು. ಬಾಯಿಗೆ ಸೆರಗಿಲ್ಲದ್ದಕ್ಕೆ ದುಪಟ್ಟಾ ಅಡ್ಡ ಹಿಡಿದುಕೊಂಡು ನಕ್ಕಳು. “ಎಲ್ಲಾರ್ನೂ ಬೈದಲ್ಲಪ್ಪ! ಕರೆಂಟ್ನ ಬೈದೆ, ಮಾವನ್ ಕಂಪ್ಯೂಟರ್ನ ಬೈದೆ, ಫೈಲಿನ ಹೆಸ್ರುನ್ನೂ ಬೈದೆ!”

“ನಿನ್ನ ಬೈದಿಲ್ಲ.”

“ಬೈದೆ. ಮೊನ್ನೆ.”

ಎಣಿಸದೆ ಸೇವ್ ಮಾಡಿದೆ. ಕೈ ಒಪ್ಪಲಿಲ್ಲ, ಬೆನ್ನಿನ ಮೇಲೆ ಸ್ಕೇಲು ಬೀಳುತ್ತದೆ ಅನ್ನಿಸಿತು. ಮುಚ್ಚಿ ತೆರೆದೆ. ಎರಡು ಪದರ. ಮುಚ್ಚಿದೆ, ತೆರೆದೆ. ಎರಡು.

ಮಾರ್ಚ್ ೧೯, ಬುಧವಾರ

ಅಂಚು ಮುಗಿಯಿತು. ಬಸಮ್ಮನ ಪೆನ್ಸಿಲು ಹಾಳೆಯ ಮೇಲೆ ನಡುಗಿದ ಕಡೆ ನಾನು ನೆಟ್ಟಗೆ ಮಾಡಲು ಹೋಗಿ, ಬಿಟ್ಟೆ. ಎಸಳು ಅಲ್ಲಿ ಕೊಂಚ ಬಾಗಿದೆ. ಸೋಮಾರಿ ಸಂಪಿಗೆ ಅನ್ನಲಿ ಬೇಕಾದರೆ.

ನಟರಾಜುವಿಗೆ ಫೋನ್ ಮಾಡಬೇಕು. ಮಾಡಲಿಲ್ಲ. ಈಗ ಮೇಲಿನ ಪದರವನ್ನು ಮಾತ್ರ ತೆಗೆದು, ಬಣ್ಣ ಎಣಿಸಿ, ಪ್ರಿಂಟ್ ಹಾಕಬೇಕು, ಅಷ್ಟೇ. ಆ ಪೆಟ್ಟಿಗೆ ಬರುತ್ತದೆ, ಯೆಸ್ ಅನ್ನಬೇಕು. ಇಷ್ಟು ದಿನ ಕಣ್ಣುಮುಚ್ಚಿ ಒತ್ತಿದ್ದನ್ನು ಕಣ್ಣುಬಿಟ್ಟು ಒತ್ತಲು ಆಗುತ್ತಿಲ್ಲ. ಸುಮ್ಮನೆ ಕೆಳಗಿನ ಪದರವನ್ನು ಕಾಣಿಸುವುದು, ಮರೆಮಾಡುವುದು, ಮಾಡುತ್ತಾ ಕೂತೆ. ಒಂದು ಗುಂಡಿ ಒತ್ತಿದರೆ ಬೆರಳು ಬರುತ್ತದೆ, ಒತ್ತಿದರೆ ಹೋಗುತ್ತದೆ. ಉಗುರಿನ ಹತ್ತಿರ ರಟ್ಟಿನ ಅಂಚು ಕೊಯ್ದ ಹಳೇ ಗಾಯದ ಗೀಟು, ದೊಡ್ಡದು ಮಾಡಿದರೆ ಕಾಣುತ್ತದೆ.

ಕುಮಾರಸ್ವಾಮಿ ಪೆನ್ ಡ್ರೈವನ್ನು ಬಸ್ ಕಂಡಕ್ಟರ್ ಕೈಲಿ ಕಳಿಸಿದ. ಜೊತೆಗೆ ಒಂದು ಪೊಟ್ಟಣ ಚಕ್ಕುಲಿ. ಫೋನ್ ಮಾಡಿ ಎಲ್ಲ ಹೇಳಿದೆ. ಯೆಸ್ಸಿನ ಕಥೆ ಕೇಳಿ ಅವನೂ ನಕ್ಕ. ನಕ್ಕು ಮುಗಿದ ಮೇಲೆ, “ಭಾವ, ಆವತ್ತು ಕತ್ರುಸ್ತೀನಿ ಅಂದುಬುಟ್ಟೆ. ತಪ್ಪು ತಿಳ್ಕಬ್ಯಾಡಿ. ನಮ್ಮಕ್ಕನ ಕೈ ಅಂತ ನಂಗೂ...” ಎಂದು ನಿಲ್ಲಿಸಿದ.

“ಚಕ್ಕುಲಿ ಚೆನ್ನಾಗದೆ,” ಅಂದೆ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆ ಕೋಮಲ ಸ್ನಾನ ಮಾಡಿ ಬಂದು, “ಇವತ್ತು ಹೊಡೀಬೇಕು. ಇನ್ನೊಂದ್ ವಾರ್ದಲ್ಲಿ ಉಗಾದಿ,” ಎಂದು ಮಣೆಯ ಮೇಲೆ ಕೂತಳು. ಕೇಳಿದ್ದಲ್ಲ, ಹೇಳಿದ್ದು.

ಪದರಗಳಿರುವ ಫೈಲನ್ನು ಒಂದು ಕಡೆ ಇಟ್ಟೆ. ಅದರ ಪ್ರತಿಯನ್ನು ತೆರೆದು, ಕೆಳಗಿನ ಪದರ ಮರೆಮಾಡಿ, ಬಣ್ಣ ಎಣಿಸಿದೆ. ನಾಲ್ಕು. ಪೆಟ್ಟಿಗೆ ಎದ್ದಿತು. ಅವಳು ನನ್ನ ಮುಖ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ನಾನು ಪೂರ್ತಿ ಓದಿದೆ. ಓದಿ, ಯೆಸ್ ಅಂದೆ. ಕೊನೆಗೆ ಬಟ್ಟೆ ಒಂದೇ ತಾನೆ. ಹಾಸೂ ಹೊಕ್ಕೂ ಬೇರೆ ಬೇರೆ ಇಟ್ಟುಕೊಂಡು ಯಾರೂ ಉಟ್ಟುಕೊಳ್ಳುವುದಿಲ್ಲ.

ಪ್ರಿಂಟನ್ನು ಅವಳ ಮೊಣಕಾಲ ಮೇಲಿಟ್ಟೆ. ತೂತು ಹೊಡೆಯುವ ಯಂತ್ರಕ್ಕೆ ಎಣ್ಣೆ ಬಿಟ್ಟೆ, ಕಾಲು ಹಲಗೆ ಕಿರುಗುಟ್ಟುತ್ತಿತ್ತು. ಮೊದಲ ಸಾಲಿನಲ್ಲಿ ಅವಳು ಬಿಡು ಅನ್ನಬೇಕಾದ ಕಡೆ ಖಾಲಿ ಎಂದಳು, ತಿದ್ದಿದೆ. ಆಮೇಲೆ ತಿದ್ದಬೇಕಾಗಲಿಲ್ಲ. “ಮೂರು ಜರಿ, ಒಂದು ಬಿಡು. ಎರಡು ಹಸಿರು, ಒಂದು ಬಿಡು. ಮತ್ತೆ ಮೂರು ಜರಿ.” ನನ್ನ ಕಾಲು ತಾನಾಗಿ ತುಳಿಯಿತು. ಮಧ್ಯದಲ್ಲಿ ಒಮ್ಮೆ, “ನಿಧಾನ್ಕ ಕೂಸೆ, ನಾನೇನು ನಿಮ್ ಆಸ್ಪತ್ರೆ ಮೆಷಿನ್ನಾ?” ಅಂದೆ. “ನಿಮ್ಮ ಕಾಲು ನಿಧಾನ ಕಣ್ರಿ,” ಅಂದಳು, ಥೇಟ್ ತಾಯಿಯ ಹಾಗೆ. ಅಂದಮೇಲೆ ಅವಳಿಗೇ ಕೇಳಿಸಿತೋ ಏನೋ, ಒಂದು ಸಾಲು ತಡವರಿಸಿ ಮುಂದೆ ಓದಿದಳು. ಮಧ್ಯಾಹ್ನ ನಿನ್ನೆಯ ಸಾರನ್ನೇ ಬಿಸಿ ಮಾಡಿ ಉಂಡೆವು. ಮತ್ತೆ ಕೂತೆವು.

ಕೊನೆಯ ರಟ್ಟು ಯಂತ್ರದಲ್ಲಿತ್ತು. “ಮುಗೀತು,” ಎಂದು ಹಾಳೆ ಮಡಚಲು ಹೋದವಳು ನಿಂತಳು.

“ಬೊಟ್ಟು?”

ನನಗೆ ಮರೆತೇಹೋಗಿತ್ತು. ಅವಳು ಫೋನ್ ತೆಗೆದು ಫೋಟೋ ದೊಡ್ಡದು ಮಾಡಿದಳು, ಉದ್ದಕ್ಕೂ ಹುಡುಕಿದಳು. ಹಾಳೆಯಲ್ಲಿ ಎಲ್ಲೂ ತಪ್ಪು ಚೌಕ ಇರಲಿಲ್ಲ.

“ಅವ್ವ ಇಟ್ಟೇ ಇಲ್ಲ ಅಪ್ಪ.”

“ಓದಿ ಮುಗಿದ ಮೇಲೆ ಇಡೋದು ಅವಳ ಕ್ರಮ.”

“ಓದ್ಲೇ ಇಲ್ವಲ್ಲ ಅವ್ವ.”

“ಈಗ ಓದಿ ಆಯ್ತಲ್ಲ,” ಅಂದೆ. “ನೀನೇ ಇಡು.”

ತುಂಬ ಹೊತ್ತು ನೋಡಿದಳು. ಹೂವಿನ ನಡುವೆ ಇಡುತ್ತಾಳೆ ಅಂದುಕೊಂಡೆ, ಬಸಮ್ಮ ಹಾಗೇ ಇಡುವಳು. ಇವಳು ಫೋನಿನ ಫೋಟೋವನ್ನೂ ಮೊಣಕಾಲ ಮೇಲಿನ ಹಾಳೆಯನ್ನೂ ಪಕ್ಕಪಕ್ಕ ಹಿಡಿದು, ಸಾಲು ಎಣಿಸುತ್ತಾ ಬಲಮೂಲೆಗೆ ಬಂದಳು. ಫೋಟೋದಲ್ಲಿ ಹೆಬ್ಬೆರಳು ಒತ್ತಿದ್ದ ಕಡೆ, ಹೂವಿಲ್ಲ, ಎಲೆಯಿಲ್ಲ, ಬರೀ ಕುಂಕುಮದ ನೆಲ. ಅಲ್ಲಿ ಬೆರಳಿಟ್ಟು, “ಇಲ್ಲಿ. ಒಂದು ಜರಿ,” ಅಂದಳು. ಆ ಸಾಲಿನ ರಟ್ಟನ್ನು ಹುಡುಕಿ ತೆಗೆದು, ಮತ್ತೆ ಯಂತ್ರಕ್ಕೆ ಕೊಟ್ಟೆ. ಹೊಡೆದೆ. ಸಣ್ಣ ಕಾಗದದ ಚೂರು ಕೆಳಗೆ ಬಿತ್ತು. ಮಾರುದ್ದಕ್ಕೊಂದು ಬರುತ್ತದೆ ಇನ್ನು.

ರಟ್ಟುಗಳನ್ನು ದಾರದಲ್ಲಿ ಕೋದು ಕಟ್ಟಿಟ್ಟಿದ್ದೇವೆ. ನಾಳೆ ನಟರಾಜುವಿಗೆ ಕೊಡಬೇಕು. ಅವಳು ಮಣೆಯ ಮೇಲೆಯೇ ಗೋಡೆಗೆ ಒರಗಿ ಹನೂರಿನ ಬೀಗರ ಮನೆಗೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ, “ಸಂಪಿಗೆ ಅಂಚು ಕಣ್ರಿ, ನಮ್ಮವ್ವ ಬರೆದಿದ್ದು, ನಮ್ಮಪ್ಪ ಹೊಡೆದಿದ್ದು, ಓದಿದ್ದು ನಾನು.” ಇವತ್ತು ಪದರದ ಫೈಲನ್ನು ತೆರೆದು ನೋಡಲಿಲ್ಲ ಎಂದು ಈಗ ನೆನಪಾಯಿತು. ಇರುತ್ತದೆ ಬಿಡು. ಇನ್ನೂ ಏನೋ ಬರೆಯುವುದಿತ್ತು, ಸೀರೆಯ ಸೆರಗಿನ ವಿಷಯ, ಆದರೆ ಅಕ್ಷರದ ಕೆಳಗಿನ ಗೀಟು ಕಾಣುತ್ತಿಲ್ಲ, ಕಿಟಕಿಯ ಬೆಳಕು ಇಳಿಯುತ್ತಿದೆ.